ಓದುಗರ ಪ್ರಶ್ನೆ: ಏಟು ಕಾರ್ಖಾನೆಯಲ್ಲಿ, ಬರೆಸುವುದು ಮನೆಯಲ್ಲಿ ಆದದ್ದೆಂದು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕೆಲಸದ ಜಾಗದ ಅಪಘಾತವನ್ನು ಮುಚ್ಚಿಡುವ ಕುರಿತು. ಕೆಲಸಗಾರರ ಕಡೆಯವರಷ್ಟೇ ಅಲ್ಲ, ಒಬ್ಬ ಮಾಲೀಕರು ಮತ್ತು ಕಚೇರಿಯ ಲೆಕ್ಕ ನೋಡುವವರೊಬ್ಬರು ಕೂಡ ಬರೆದಿದ್ದಾರೆ. ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ. ಮೊದಲೇ ಒಂದು ಮಾತು: 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1923ರ ನೌಕರರ ಪರಿಹಾರ ಕಾಯ್ದೆಯೂ 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯೂ ಅದರೊಳಗೆ ಸೇರಿವೆ. ಅದಕ್ಕೂ ಮುಂಚಿನ ಅಪಘಾತಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಪರಿಹಾರ ಲೆಕ್ಕ ಹಾಕುವ ಕ್ರಮ ಎರಡರಲ್ಲೂ ಒಂದೇ ಆದ್ದರಿಂದ ಕೆಳಗಿನ ಉತ್ತರಗಳನ್ನು ಎರಡಕ್ಕೂ ಹೊಂದಿಸಿ ಓದಬಹುದು.

ಪ್ರಶ್ನೆ: ನನ್ನ ತಮ್ಮನಿಗೆ 35 ವರ್ಷ. ಬೈಕಂಪಾಡಿಯ ಸಣ್ಣ ಘಟಕವೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಅಲ್ಲಿರುವುದು ಎಂಟು ಜನ. ಬಲಗೈಯ ತೋರುಬೆರಳು ಬುಡದಿಂದಲೇ ಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದ ಸೂಪರ್‌ವೈಸರ್ ‘ಮನೆಯಲ್ಲಿ ಗ್ರೈಂಡರಿಗೆ ಸಿಕ್ಕಿದ್ದು’ ಎಂದು ಬರೆಸಿದರು. ಬಿಲ್ಲನ್ನೆಲ್ಲ ಧಣಿಗಳೇ ಕಟ್ಟಿದ್ದಾರೆ. ಮೇಲೆ 25,000 ರೂಪಾಯಿ ಕೊಟ್ಟು, ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ. ಸಂಬಳ 17,000. ಇನ್ನೇನಾದರೂ ಸಿಕ್ಕೀತೆ?
— ಸುರತ್ಕಲ್‌ನ ಓದುಗರು

ಉತ್ತರ: ಸಿಗುತ್ತದೆ. ಎಷ್ಟು ಎಂಬುದನ್ನು ಮೊದಲು ನೋಡೋಣ. ಮೊತ್ತ ಗೊತ್ತಿಲ್ಲದೆ ಇರುವುದರಿಂದಲೇ 25,000 ದೊಡ್ಡದಾಗಿ ಕಾಣುತ್ತದೆ.

ಸಂಬಳ 17,000 ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. ಈ ಮಿತಿ 2020ರ ಜನವರಿ 3ರ ಅಧಿಸೂಚನೆಯದು. ಅದರ ಶೇಕಡಾ 60 ಅಂದರೆ 9,000. ಇದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಕಾಯ್ದೆಯ ಕೋಷ್ಟಕದಲ್ಲಿ 30 ವರ್ಷಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 45ಕ್ಕೆ 169.44 ಹೀಗೆ ಇಳಿಯುತ್ತ ಹೋಗುತ್ತದೆ. ನಿಮ್ಮ ತಮ್ಮನಿಗೆ 9,000 ಗುಣಿಸು 197.06, ಒಟ್ಟು 17,73,540 ರೂಪಾಯಿ. ಇದು ಪೂರ್ಣ ಅಂಗವೈಕಲ್ಯದ ಮೊತ್ತ. ತೋರುಬೆರಳು ಪೂರ್ತಿ ಹೋದರೆ ಅದರಲ್ಲಿ ಶೇಕಡಾ 14, ಅಂದರೆ 2,48,295 ರೂಪಾಯಿ. ಹೋದದ್ದು ಹೆಬ್ಬೆರಳಾಗಿದ್ದರೆ ಶೇಕಡಾ 30. ಬೆರಳಿನ ಜತೆಗೆ ಅಂಗೈಯ ನರ, ಉಳಿದ ಬೆರಳುಗಳ ಹಿಡಿತ ಹೋಗಿದ್ದರೆ ಅದನ್ನು ಬೇರೆಯಾಗಿ ಅಳೆಯಿಸಬೇಕು. ಇಲ್ಲಿ ವೈದ್ಯರಿಂದ ಬೇಕಾದದ್ದು ‘ದುಡಿಮೆಯ ಶಕ್ತಿ ಎಷ್ಟು ಕುಂದಿದೆ’ ಎಂಬ ಅಭಿಪ್ರಾಯ. ಬರೇ ‘ಕೈಯ ವೈಕಲ್ಯ ಇಷ್ಟು’ ಎಂದು ಬರೆದ ಪ್ರಮಾಣಪತ್ರ ವಿಚಾರಣೆಯಲ್ಲಿ ಸೋಲುತ್ತದೆ. ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಅವರ ಕಸುಬನ್ನು ನೋಡಿ ನಷ್ಟ ನೂರಕ್ಕೆ ನೂರು ಎಂದದ್ದನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಒಪ್ಪಿದೆ.

ಇನ್ನು ಆ ಸ್ಟಾಂಪ್ ಪೇಪರ್. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾಯ್ದೆಯ ಪ್ರಕಾರ ಅಸಿಂಧು. ಇಬ್ಬರೂ ಕೂಡಿ ಒಂದು ಮೊತ್ತಕ್ಕೆ ಒಪ್ಪಿದ್ದರೂ ಅದನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ಮಾಲೀಕರು ಪೂರ್ತಿ ಪರಿಹಾರಕ್ಕೆ ಬದ್ಧರು. ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವಜಾ ಮಾಡಿಕೊಳ್ಳುವ ಹಾಗೂ ಇಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ಪರಿಹಾರದ ಲೆಕ್ಕಕ್ಕೆ ಬರುವುದೇ ಇಲ್ಲ. ಕೆಲಸದಲ್ಲಾದ ಗಾಯದ ಚಿಕಿತ್ಸೆಯ ನಿಜವಾದ ಖರ್ಚು ಅವರ ಬಾಧ್ಯತೆ, ಉಪಕಾರವಲ್ಲ. ಕೆಲಸಕ್ಕೆ ಹೋಗಲಾಗದ ಅವಧಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗವೂ ಸಲ್ಲಬೇಕು. ಅಸಾಮರ್ಥ್ಯ 28 ದಿನ ಅಥವಾ ಹೆಚ್ಚಾದರೆ ಮೊದಲ ದಿನದಿಂದಲೇ, ಕಡಿಮೆಯಾದರೆ ಮೊದಲ ಮೂರು ದಿನ ಬಿಟ್ಟು.

ಕಷ್ಟ ಇರುವುದು ಆಸ್ಪತ್ರೆಯ ಬರಹದಲ್ಲಿ. ಇಂಥ ಪ್ರಕರಣಗಳು ಕೈತಪ್ಪುವುದು ಬಹುತೇಕ ಇಲ್ಲಿಯೇ, ಕಾನೂನಿನಲ್ಲಿ ಅಲ್ಲ. ಬರೆದದ್ದನ್ನು ಅಳಿಸಿ ಕೊಡಿ ಎಂದರೆ ಯಾವ ಆಸ್ಪತ್ರೆಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ನಿಮ್ಮ ತಮ್ಮನೇ ವೈದ್ಯಕೀಯ ಅಧೀಕ್ಷಕರಿಗೆ ಪತ್ರ ಬರೆದು, ‘ವಿವರ ಹೇಳಿದ್ದು ನಾನಲ್ಲ, ಗಾಯವಾದದ್ದು ಇಂಥ ದಿನ, ಇಷ್ಟು ಗಂಟೆಗೆ, ಇಂಥ ಪ್ರೆಸ್ಸಿನಲ್ಲಿ, ಈ ಹೇಳಿಕೆಯನ್ನು ಕಡತಕ್ಕೆ ಸೇರಿಸಿ’ ಎಂದು ಕೇಳಲಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಲಿ. ಕೇಸ್ ಶೀಟ್‌ನ ಪೂರ್ತಿ ಪ್ರತಿ ಅರ್ಜಿ ಕೊಟ್ಟು ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ಕೇಸ್ ಶೀಟ್‌ನಲ್ಲಿ ವಿವರ ಹೇಳಿದವರು ಯಾರು ಎಂದು ಇರುತ್ತದೆ. ಅಲ್ಲಿ ಸೂಪರ್‌ವೈಸರ್ ಹೆಸರಿದ್ದರೆ ಅರ್ಧ ಕೆಲಸ ಆದಂತೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಗಾಯ ಜಜ್ಜಿದ್ದೋ ಕೊಯ್ದದ್ದೋ, ಎಣ್ಣೆ ಗ್ರೀಸು ಇತ್ತೋ ಎಂಬುದನ್ನು ಬರೆದಿರುತ್ತಾರೆ. ಅಡುಗೆಮನೆಯ ಗ್ರೈಂಡರಿನಲ್ಲಿ ಗ್ರೀಸು ಹತ್ತುವುದಿಲ್ಲ.

ಉಳಿದ ಸಾಕ್ಷ್ಯ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ. ಆ ದಿನ ಬೆಳಗಿನ ಪಾಳಿಯ ಹಾಜರಿ, ಆಸ್ಪತ್ರೆಗೆ ಸೇರಿಸಿದ ಸಮಯ, ಕೆಲಸದ ವಾಟ್ಸಾಪ್ ಗುಂಪಿನ ಸಂದೇಶ, ಸಂಬಳ ಬಂದ ಪಾಸ್‌ಬುಕ್ಕು. ಬಿಲ್ಲು ಘಟಕದ ಖಾತೆಯಿಂದ ಪಾವತಿಯಾಗಿದ್ದರೆ ಆ ರಸೀದಿಯನ್ನು ಮೊದಲು ಹಿಡಿದಿಟ್ಟುಕೊಳ್ಳಿ: ಮನೆಯ ಗ್ರೈಂಡರಿಗೆ ಸಿಕ್ಕಿದ ಬೆರಳಿಗೆ ಕಾರ್ಖಾನೆ ಯಾಕೆ ಹಣ ಕಟ್ಟಿತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಇರುವುದಿಲ್ಲ. ಆಮೇಲೆ ಮಾಲೀಕರಿಗೆ ಬರಹದಲ್ಲಿ ನೋಟಿಸು ಕೊಡಿ. ಹೆಸರು, ವಿಳಾಸ, ಅಪಘಾತದ ದಿನಾಂಕ ಮತ್ತು ಜಾಗ, ಕಾರಣ ಇಷ್ಟನ್ನು ಸರಳ ಕನ್ನಡದಲ್ಲಿ ಬರೆದರೆ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಅರ್ಜಿಗೆ ಗಡುವು ಅಪಘಾತದ ದಿನದಿಂದ ಎರಡು ವರ್ಷ. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಇಂಥ ಅರ್ಜಿ ಕೇಳುತ್ತ ಬಂದಿದ್ದಾರೆ. ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ. ಸಕಾರಣವಿಲ್ಲದೆ ತಡೆದಿದ್ದರೆ ಅಸಲಿನ ಅರ್ಧದವರೆಗೆ ದಂಡ. ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಕೈಗಾರಿಕಾ ಕಾರ್ಮಿಕರಿಗೆ ಉಚಿತ ನೆರವಿನ ಹಕ್ಕಿದೆ, ಸಹಾಯವಾಣಿ 15100.

ಕೊನೆಗೊಂದು ಅನುಮಾನ: ನಿಜವಾಗಿ ಎಂಟೇ ಜನವೇ? ಗುತ್ತಿಗೆಯವರನ್ನೂ ಲೋಡಿಂಗಿನವರನ್ನೂ ಸೇರಿಸಿ ಎಣಿಸಿ. ಹತ್ತು ಮುಟ್ಟಿದರೆ ಘಟಕ ಇಎಸ್‌ಐಗೆ ಒಳಪಡುತ್ತದೆ, ಆಗ ದಾರಿಯೇ ಬೇರೆ. ಒಮ್ಮೆ ಒಳಪಟ್ಟ ಮೇಲೆ ಜನ ಕಡಿಮೆಯಾದರೂ ಹೊರಬರುವ ಹಾಗಿಲ್ಲ. ಪುಸ್ತಕದಲ್ಲಿ ಒಂಬತ್ತು, ಮೆಷಿನ್ನಿನ ಮುಂದೆ ಹದಿನಾಲ್ಕು ಎಂಬ ಲೆಕ್ಕ ಬೈಕಂಪಾಡಿಗೆ ಮಾತ್ರ ಸೀಮಿತವೇನಲ್ಲ.

ಪ್ರಶ್ನೆ: ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸ. ಸಂಬಳದಲ್ಲಿ ಇಎಸ್‌ಐ ಹಣ ಹಿಡಿಯುತ್ತಾರೆ. ಬಾಯ್ಲರ್ ಪಕ್ಕ ಜಾರಿ ಬಿದ್ದು ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ‘ಅಪಘಾತ ಅಂತ ಬರೆದರೆ ಇನ್‌ಸ್ಪೆಕ್ಟರ್ ಬರುತ್ತಾರೆ; ಕಾಯಿಲೆ ರಜೆ ಹಾಕಮ್ಮ, ಅದೂ ಇಎಸ್‌ಐ ಹಣವೇ’ ಎನ್ನುತ್ತಾರೆ. ಎರಡರಲ್ಲಿ ವ್ಯತ್ಯಾಸ ಏನು?
— ಕಾರ್ಕಳ ತಾಲೂಕಿನ ಓದುಗರು

ಉತ್ತರ: ತುಂಬ ಇದೆ. ಕೆಲಸದ ಗಾಯಕ್ಕೆ ಸಿಗುವ ತಾತ್ಕಾಲಿಕ ಅಸಾಮರ್ಥ್ಯ ಭತ್ಯೆ ಸರಾಸರಿ ದಿನಗೂಲಿಯ ಶೇಕಡಾ 90, ಕಾಯಿಲೆ ಭತ್ಯೆ ಶೇಕಡಾ 70. ಕಾಯಿಲೆ ಭತ್ಯೆಗೆ ಇಷ್ಟು ದಿನದ ವಂತಿಗೆ ಇರಲೇಬೇಕೆಂಬ ಷರತ್ತಿದೆ, ದಿನಗಳ ಮಿತಿಯೂ ಇದೆ. ಗಾಯಕ್ಕೆ ಅಂಥ ಷರತ್ತಿಲ್ಲ: ಕೆಲಸಕ್ಕೆ ಸೇರಿದ ಮೊದಲ ದಿನ ಬಿದ್ದರೂ ಹಕ್ಕು ಹುಟ್ಟುತ್ತದೆ, ಅಸಾಮರ್ಥ್ಯ ಇರುವವರೆಗೂ ನಡೆಯುತ್ತದೆ. ಎಲ್ಲಕ್ಕಿಂತ ದೊಡ್ಡದು, ಮುಂದೆ ಮಣಿಕಟ್ಟು ಪೂರ್ತಿ ತಿರುಗದೆ ಉಳಿದರೆ ವೈದ್ಯಕೀಯ ಮಂಡಳಿ ಅಳೆದು ಜೀವನಪೂರ್ತಿ ತಿಂಗಳ ಭತ್ಯೆ ನಿಗದಿ ಮಾಡುತ್ತದೆ. ಬೀಜ ಸುಲಿಯುವವರಿಗೆ ಮಣಿಕಟ್ಟೇ ಬಂಡವಾಳ. ‘ಕಾಯಿಲೆ’ ಎಂದು ಬರೆಸಿದ ದಿನವೇ ಆ ಬಾಗಿಲಿಗೆ ನೀವಾಗಿ ಚಿಲಕ ಹಾಕಿದ ಹಾಗೆ.

ಬಿದ್ದ ಸಂಗತಿಯನ್ನು ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಸಬೇಕು. ನೀವು ಹೇಳಿದಂತೆ ಬೇರೆಯವರು ಬರೆದರೂ ಆಗುತ್ತದೆ. ಮಾಲೀಕರು ಫಾರ್ಮ್ 12 ಎಂದು ಕರೆಯುವ ಅಪಘಾತ ವರದಿಯನ್ನು ತಿಳಿದ 24 ಗಂಟೆಯೊಳಗೆ ಇಎಸ್‌ಐ ಶಾಖಾ ಕಚೇರಿಗೂ ವೈದ್ಯಾಧಿಕಾರಿಗೂ ಕಳುಹಿಸಬೇಕು. ಸಾವು ಅಥವಾ ಅಂಗ ಹೋಗುವಂಥದ್ದಾದರೆ ಕೂಡಲೇ. ಈಗ ಅದು ಮಾಲೀಕರ ಲಾಗಿನ್‌ನಿಂದ ಆನ್‌ಲೈನಿನಲ್ಲಿ ಹೋಗುತ್ತದೆ. ‘ಕಳಿಸಿದ್ದೇವೆ’ ಎಂಬ ಮಾತನ್ನು ನಂಬಿ ಕೂರಬೇಡಿ, ಮುದ್ರಿತ ಪ್ರತಿ ಕೇಳಿ. ಕೊಡದಿದ್ದರೆ ವಿಮಾ ಸಂಖ್ಯೆ, ದಿನಾಂಕ, ಗಂಟೆ, ಜಾಗ, ನೋಡಿದ ಇಬ್ಬರ ಹೆಸರು ಬರೆದು ಶಾಖಾ ಕಚೇರಿಗೆ ನೀವೇ ಅರ್ಜಿ ಕೊಡಿ. ಮಾಲೀಕರ ವರದಿ ಇಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ಸಾಯುವುದಿಲ್ಲ. ಕಚೇರಿಯವರು ವಿಚಾರಣೆ ನಡೆಸಿ ತೀರ್ಮಾನಿಸಬಹುದು. ಸಹಾಯವಾಣಿ 1800-11-2526. ಇಎಸ್‌ಐ ವೈದ್ಯರಿಂದ ಅಸಾಮರ್ಥ್ಯದ ಪ್ರಮಾಣಪತ್ರವನ್ನು ಬಿಟ್ಟೂಬಿಡದೆ ಪಡೆಯುತ್ತಿರಿ. ನಡುವೆ ಒಂದು ವಾರ ಖಾಲಿ ಬಿಟ್ಟರೆ ಆ ವಾರದ ಹಣ ಹೋಯಿತು.

ಇನ್‌ಸ್ಪೆಕ್ಟರ್ ಭಯದ ವಿಚಾರ: ಗಾಯಾಳು 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬಾರದಂಥ ಅಪಘಾತವನ್ನು ಕಾರ್ಖಾನೆ ಇಲಾಖೆಗೆ ತಿಳಿಸುವುದು ಹೇಗೂ ಅವರ ಕರ್ತವ್ಯ. ನಿಮ್ಮ ರಜೆ ಅರ್ಜಿಯ ಭಾಷೆ ಬದಲಾದರೆ ಆ ಕರ್ತವ್ಯ ಬದಲಾಗುವುದಿಲ್ಲ. ಈ ಭತ್ಯೆ ಪಡೆಯುತ್ತಿರುವಾಗ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ನನ್ನದೊಂದು ಸಣ್ಣ ಐಸ್ ಪ್ಲಾಂಟ್. ಆರು ಜನ ಕೆಲಸಗಾರರು, ಸೀಸನ್ನಿನಲ್ಲಿ ದಿನಗೂಲಿಗೆ ಇನ್ನಿಬ್ಬರು. ಈ ದಿನಗೂಲಿಯವನೊಬ್ಬನ ಕೈ ಐಸ್ ಕ್ರಷರಿಗೆ ಸಿಕ್ಕಿತು. ತಪ್ಪು ಅವನದೇ, ಗಾರ್ಡ್ ತೆಗೆದಿಟ್ಟಿದ್ದ. ವರದಿ ಮಾಡಿದರೆ ತಪ್ಪೊಪ್ಪಿಕೊಂಡ ಹಾಗಾಗುವುದಿಲ್ಲವೇ? ಚಿಕಿತ್ಸೆ ಮಾಡಿಸಿ ಸುಮ್ಮನಿರುವುದು ಒಳ್ಳೆಯದಲ್ಲವೇ?
— ಉಡುಪಿಯ ಓದುಗರು

ಉತ್ತರ: ಸುಮ್ಮನಿದ್ದರೆ ಹೆಚ್ಚು ಹಾನಿ ನಿಮಗೇ. ಈ ಕಾನೂನಿನಲ್ಲಿ ತಪ್ಪು ಯಾರದ್ದು ಎಂಬ ಪ್ರಶ್ನೆಯ ಮೇಲೆ ಪರಿಹಾರ ನಿಂತಿಲ್ಲ. ಹಾಗಾಗಿ ವರದಿ ಮಾಡುವುದು ತಪ್ಪೊಪ್ಪಿಗೆಯೂ ಅಲ್ಲ. ಅಜಾಗರೂಕತೆಯಿಂದ ಆಯಿತು ಎಂದಷ್ಟೇ ಹೇಳಿ ಪಾರಾಗಲು ಬರುವುದಿಲ್ಲ. ಕುಡಿದಿದ್ದ, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ, ಸುರಕ್ಷತೆಗಾಗಿಯೇ ಇಟ್ಟ ಗಾರ್ಡನ್ನು ಅದು ಗೊತ್ತಿದ್ದೂ ಬೇಕೆಂದೇ ತೆಗೆದ ಎಂಬುದನ್ನು ನೀವೇ ರುಜುವಾತು ಮಾಡಬೇಕು. ಸಾವು ಅಥವಾ ಶಾಶ್ವತ ಪೂರ್ಣ ವೈಕಲ್ಯವಾಗಿದ್ದರೆ ಈ ವಾದಗಳೂ ನಡೆಯುವುದಿಲ್ಲ. ಇನ್ನು ಗಾರ್ಡಿನ ಮಾತು. ಐಸ್ ಗಡ್ಡೆ ಸಿಕ್ಕಿಹಾಕಿಕೊಂಡಾಗ ಪ್ರತಿ ಸಲ ಬೋಲ್ಟ್ ಬಿಚ್ಚಬೇಕಾದ ಗಾರ್ಡು ಯಾವ ಪ್ಲಾಂಟಿನಲ್ಲೂ ಹೆಚ್ಚು ದಿನ ಜಾಗದಲ್ಲಿ ಉಳಿಯುವುದಿಲ್ಲ. ಬೋಟು ಕಾಯುತ್ತಿರುವಾಗ ಗಾರ್ಡಿಲ್ಲದೆ ಕ್ರಷರ್ ಓಡುವುದನ್ನು ನೋಡಿಯೂ ಮ್ಯಾನೇಜರ್ ಸುಮ್ಮನಿದ್ದರೆ, ‘ಬೇಕೆಂದೇ ತೆಗೆದ’ ಎನ್ನುವ ವಾದ ಅಲ್ಲಿಗೇ ಬಿತ್ತು. ಕೀಲು ಹಾಕಿದ ಮುಚ್ಚಳ, ಅದು ತೆರೆದರೆ ಮೋಟಾರು ನಿಲ್ಲುವ ಲಿಮಿಟ್ ಸ್ವಿಚ್, ಗಡ್ಡೆ ತಳ್ಳಲು ಉದ್ದ ಹಿಡಿಯ ಮರದ ಕೋಲು ಇವು ಪರಿಹಾರದ ಮೊತ್ತದ ಮುಂದೆ ಏನೂ ಅಲ್ಲ.

ದಿನಗೂಲಿಯವನು ಎಂಬ ವಾದವೂ ಇಲ್ಲ. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಸಾಲನ್ನು 2000ದ ತಿದ್ದುಪಡಿಯಲ್ಲೇ ತೆಗೆದಿದ್ದಾರೆ.

ನಿಮ್ಮಲ್ಲಿ ನೌಕರರ ಪರಿಹಾರ ಪಾಲಿಸಿ, ಜನ ಹೇಳುವ ‘ಡಬ್ಲ್ಯುಸಿ ಪಾಲಿಸಿ’, ಇದೆಯೇ? ಇದ್ದರೆ ಇಂದೇ ಕಂಪೆನಿಗೆ ಬರಹದಲ್ಲಿ ತಿಳಿಸಿ. ತಡವಾಗಿ ತಿಳಿಸಿದರು ಎಂಬುದೇ ವಿಮಾ ಕಂಪೆನಿ ಎತ್ತುವ ಮೊದಲ ತಕರಾರು. ಎರಡನೆಯದು, ಪಾಲಿಸಿಯಲ್ಲಿ ತೋರಿಸಿದ ಜನ ನಾಲ್ಕು, ಸಂಬಳ 9,000 ಎಂಬಂಥ ಸುಳ್ಳು ಲೆಕ್ಕ. ಪ್ರೀಮಿಯಂನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ಸೀಸನ್ನಿನವರನ್ನೂ ಸೇರಿಸಿ ಒಟ್ಟು ವರ್ಷದ ಕೂಲಿ ತೋರಿಸಿ. ಚಿಕಿತ್ಸೆಯ ವೆಚ್ಚ ಸೇರಿದೆಯೇ, ಎಷ್ಟರವರೆಗೆ ಎಂದು ಪಾಲಿಸಿ ತೆರೆದು ನೋಡಿ. ಹಲವರಲ್ಲಿ ಅದು ಇರುವುದೇ ಇಲ್ಲ. ಗುಂಪು ಅಪಘಾತ ವಿಮೆ ಇದಕ್ಕೆ ಬದಲಿಯಲ್ಲ. ತಡಮಾಡಿದ್ದಕ್ಕೆ ಬೀಳುವ ದಂಡವನ್ನು ವಿಮಾ ಕಂಪೆನಿ ತುಂಬುವುದಿಲ್ಲ, ಅದು ನಿಮ್ಮ ಕಿಸೆಯಿಂದಲೇ. ಮೊತ್ತದ ಬಗ್ಗೆ ತಕರಾರಿದ್ದರೆ ನೀವು ಒಪ್ಪುವಷ್ಟನ್ನು ಈಗಲೇ ಕೊಡಿ ಅಥವಾ ಆಯುಕ್ತರಲ್ಲಿ ಠೇವಣಿ ಇಡಿ. ಹಾಗೆ ಮಾಡುವುದು ಕಾಯ್ದೆಯ ಕಟ್ಟಳೆ ಕೂಡ.

ಪ್ರಶ್ನೆ: ನಮ್ಮ ಭಾವ ಕೊಪ್ಪಳ ಜಿಲ್ಲೆಯವರು, ಮಣಿಪಾಲದ ಅಪಾರ್ಟ್‌ಮೆಂಟ್ ಕಾಮಗಾರಿಯಲ್ಲಿ ಪೇಂಟಿಂಗ್ ಮಾಡುತ್ತಿದ್ದರು. ಸಾರವೆಯಿಂದ ಬಿದ್ದು ತೀರಿಕೊಂಡರು. ಮೇಸ್ತ್ರಿ ಫೋನ್ ತೆಗೆಯುತ್ತಿಲ್ಲ, ಬಿಲ್ಡರ್ ‘ಅವನು ನಮ್ಮ ಆಳಲ್ಲ’ ಎನ್ನುತ್ತಾರೆ. ಯಾರೋ ಬಂದು ಅಕ್ಕನ ಕೈಗೆ ಎರಡು ಲಕ್ಷ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರು. ಪ್ರತಿ ಸಲ ಉಡುಪಿಗೆ ಬರಲು ನಮ್ಮಿಂದ ಆಗದು.
— ಕೊಪ್ಪಳದ ಓದುಗರು

ಉತ್ತರ: ನೀವು ಉಡುಪಿಗೆ ಬರಬೇಕಾಗಿಲ್ಲ. ಅಪಘಾತ ನಡೆದಲ್ಲಿ ಮಾತ್ರವಲ್ಲ, ಅವಲಂಬಿತರು ವಾಸವಿರುವ ಊರಿನ ಆಯುಕ್ತರ ಮುಂದೆಯೂ ಅರ್ಜಿ ಹಾಕಬಹುದು.

ಕಟ್ಟಡ ಕಟ್ಟುವುದೇ ಬಿಲ್ಡರ್‌ನ ವ್ಯವಹಾರ. ಅದರ ಒಂದು ಭಾಗವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಹೊಣೆ ಜಾರುವುದಿಲ್ಲ. ಪರಿಹಾರವನ್ನು ಬಿಲ್ಡರ್‌ನಿಂದಲೇ ಕೇಳಬಹುದು. ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳುವುದು ಅವರ ಪಾಡು. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. (ತನ್ನ ವಾಸದ ಮನೆಗೆ ಬಣ್ಣ ಹೊಡೆಸುವ ಸಾಮಾನ್ಯ ಮನೆಯೊಡೆಯರಿಗೆ ಈ ನಿಯಮ ಹೀಗೇ ಹೊಂದುವುದಿಲ್ಲ, ಅಲ್ಲಿ ಗುತ್ತಿಗೆದಾರನೇ ಹೊಣೆ.)

ಆ ಎರಡು ಲಕ್ಷದ ಬಗ್ಗೆ ಕಾಯ್ದೆ ಬಹಳ ಕಟ್ಟುನಿಟ್ಟು. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಕೈಗೆ ಕೊಟ್ಟದ್ದು ಪರಿಹಾರವೆಂದೇ ಪರಿಗಣನೆಯಾಗದು. ಮುಂಗಡವಾಗಿ ಮೂರು ತಿಂಗಳ ಸಂಬಳದಷ್ಟನ್ನು ಕೊಡಲು ಮಾತ್ರ ಅವಕಾಶ. ಸಾವಿಗೆ ಲೆಕ್ಕ ಸಂಬಳದ ಶೇಕಡಾ 50ರ ಮೇಲೆ: ತಿಂಗಳಿಗೆ 15,000, ವಯಸ್ಸು 40 ಆದರೆ 7,500 ಗುಣಿಸು 184.17, ಅಂದರೆ 13,81,275 ರೂಪಾಯಿ.

ಈಗ ಕೂಡಿಸಬೇಕಾದದ್ದು ಪೊಲೀಸ್ ಠಾಣೆಯ ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಜೊತೆಗೆ ಕೆಲಸ ಮಾಡುತ್ತಿದ್ದವರ ಹೆಸರು ಮತ್ತು ಅವರ ಊರಿನ ವಿಳಾಸ. ಕೊನೆಯದನ್ನು ತಡಮಾಡಬೇಡಿ; ಕಾಮಗಾರಿ ಮುಗಿದರೆ ಸಾಕ್ಷಿಗಳು ಬೇರೆ ಬೇರೆ ಊರು ಸೇರುತ್ತಾರೆ. ಕಟ್ಟಡದ ಎದುರಿನ ಬೋರ್ಡಿನ ಫೋಟೊವನ್ನು ಯಾರಿಂದಲಾದರೂ ತರಿಸಿ: ಬಿಲ್ಡರ್ ಹೆಸರು, ಪರವಾನಗಿ ಸಂಖ್ಯೆ ಅದರಲ್ಲಿರುತ್ತದೆ. ಕೂಲಿಗೆ ಪುರಾವೆ ಮೇಸ್ತ್ರಿ ಫೋನ್‌ಪೇ ಮಾಡಿದ ಲೆಕ್ಕ. ಭಾವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಅಲ್ಲಿನ ಸಹಾಯಧನ ಪರಿಹಾರಕ್ಕೆ ಹೊರತಾದದ್ದು, ಎರಡನ್ನೂ ಕೇಳಬಹುದು.

ಪ್ರಶ್ನೆ: ಕಂಪೆನಿಯೊಂದರಲ್ಲಿ ಹಾಜರಿ, ಸಂಬಳ ನೋಡಿಕೊಳ್ಳುತ್ತೇನೆ. ಒಬ್ಬ ಹೊಸಬನಿಗೆ ಏಟಾದ ಮಧ್ಯಾಹ್ನ, ಆ ದಿನವೇ ಸೇರಿದವನೆಂದು ತೋರಿಸಿ ಇಎಸ್‌ಐ ಸಂಖ್ಯೆ ಮಾಡಿಸಲು ಹೇಳಿದರು. ಅವನು ಬಂದು ಎರಡು ತಿಂಗಳಾಗಿತ್ತು. ನನಗೆ ತೊಂದರೆ ಬರುತ್ತದೆಯೇ?
— ಮಂಗಳೂರಿನ ಓದುಗರು

ಉತ್ತರ: ಬರಬಹುದು, ಸುಳ್ಳು ವಿವರ ತುಂಬಿದ ಲಾಗಿನ್ ನಿಮ್ಮದು. ಏಟಾದ ಹೊತ್ತಿಗೂ ನೋಂದಣಿಯ ಹೊತ್ತಿಗೂ ಇರುವ ಒಂದೆರಡು ಗಂಟೆಯ ಅಂತರವನ್ನು ಇಎಸ್‌ಐ ಕಚೇರಿ ಮೊದಲು ನೋಡುತ್ತದೆ. ಹಾಜರಿ ಪುಸ್ತಕ, ಗೇಟಿನ ದಾಖಲೆ ಕೇಳುತ್ತದೆ. ನಿಜವಾದ ಸೇರಿದ ದಿನಾಂಕ ಹಾಕಿ, ಎರಡು ತಿಂಗಳ ವಂತಿಗೆಯನ್ನು ಬಡ್ಡಿ ಸಮೇತ ಕಟ್ಟಿಸಿ. ವಂತಿಗೆ ಕಟ್ಟದೆ ಬಿಟ್ಟಿದ್ದರೂ ಕೆಲಸಗಾರನಿಗೆ ಇಎಸ್‌ಐ ಭತ್ಯೆ ಕೊಟ್ಟು ಮಾಲೀಕರಿಂದ ವಸೂಲಿ ಮಾಡಲು ದಾರಿ ಇದೆ. ಮೇಲಿನವರ ಸೂಚನೆಯನ್ನು ಬಾಯಿಮಾತಿನಲ್ಲಿ ಪಾಲಿಸಬೇಡಿ. ‘ದಿನಾಂಕ ಹೀಗೆ ಹಾಕಲೇ?’ ಎಂದು ಇಮೇಲಿನಲ್ಲಿ ಕೇಳಿ. ಹೆಚ್ಚಿನ ಸಲ ಆ ಪ್ರಶ್ನೆಗೆ ಉತ್ತರವೇ ಬರುವುದಿಲ್ಲ.

ಪ್ರಶ್ನೆ: ರಾತ್ರಿ ಪಾಳಿಗೆ ಬೈಕಿನಲ್ಲಿ ಹೋಗುವಾಗ ಹೆದ್ದಾರಿಯಲ್ಲಿ ಬಿದ್ದೆ. ಕಂಪೆನಿ ಒಳಗೆ ಆದದ್ದಲ್ಲ ಎಂದು ವರದಿ ಮಾಡಲು ಒಪ್ಪುತ್ತಿಲ್ಲ.
— ಮೂಲ್ಕಿಯ ಓದುಗರು

ಉತ್ತರ: ಇಎಸ್‌ಐ ಇದ್ದವರಿಗೆ ಮನೆ ಮತ್ತು ಕೆಲಸದ ಜಾಗದ ನಡುವಿನ ಪ್ರಯಾಣದ ಅಪಘಾತ 2010ರಿಂದಲೇ ಸೇರಿದೆ, ಸಮಯ, ಜಾಗ, ದಾರಿ ಇವು ಕೆಲಸಕ್ಕೆ ಹೊಂದಬೇಕು ಅಷ್ಟೆ. ನೌಕರರ ಪರಿಹಾರ ಕಾಯ್ದೆಗೂ ಇದು ಹೊಂದುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಪಾಳಿಯ ಪಟ್ಟಿಯ ಪ್ರತಿ, ಪೊಲೀಸ್ ದಾಖಲೆಯಲ್ಲಿ ಅಪಘಾತದ ಗಂಟೆ ಮತ್ತು ಸ್ಥಳ ಸ್ಪಷ್ಟವಾಗಿರಲಿ. ಪಾಳಿ ಹತ್ತು ಗಂಟೆಗಿದ್ದು, ಒಂಬತ್ತೂವರೆಗೆ ನಿಮ್ಮ ಮನೆಯಿಂದ ಕಂಪೆನಿಗೆ ಹೋಗುವ ದಾರಿಯಲ್ಲೇ ಬಿದ್ದಿದ್ದರೆ ಒಳಗೆ, ಹೊರಗೆ ಎಂಬ ವಾದ ಉಳಿಯುವುದಿಲ್ಲ. ದಾರಿ ಬಿಟ್ಟು ಬೇರೆಡೆ ಹೋಗಿದ್ದರೆ ಯಾಕೆಂದು ವಿವರಿಸಬೇಕಾಗುತ್ತದೆ. ಎದುರು ವಾಹನದ ತಪ್ಪಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿಯೂ ಇದೆ, ಆದರೆ ಎರಡೂ ಕಡೆ ಅರ್ಜಿ ಹಾಕುವ ಮುಂಚೆ ವಕೀಲರೊಬ್ಬರಿಗೆ ಕಾಗದಗಳನ್ನು ತೋರಿಸಿ. ನಿಮಗೆ ಇಎಸ್‌ಐ ಇಲ್ಲದಿದ್ದರೆ, ಒಂದೇ ಗಾಯಕ್ಕೆ ನೌಕರರ ಪರಿಹಾರ ಅಥವಾ ಮೋಟಾರು ಪರಿಹಾರ ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೊದಲು ಹಾಕಿದ ಅರ್ಜಿಯೇ ಆಯ್ಕೆ ಎಂದು ಎಣಿಸಲ್ಪಟ್ಟು, ದೊಡ್ಡ ಮೊತ್ತ ಸಿಗಬಹುದಾಗಿದ್ದ ದಾರಿ ಕೈತಪ್ಪಬಾರದು.